ಗೇಮ್ ಬಿಡೋಕೆ ಪಿಸಿ ಒಂದೇ ಸಾಕಾ, ಕನ್ಸೋಲ್ (ಗೇಮ್ ಆಡೋಕಂತಲೇ ಇರೋ ಯಂತ್ರ) ಮೊಬೈಲ್ ಎಲ್ಲಾ ಒಟ್ಟಿಗೆ ಬಿಡ್ಬೇಕಾ? ಅನುಭವ ಇರೋರು ಹೇಳಿ

ಹೊಸಬ_ಮೈಸೂರು: ನಾವಿಬ್ರೇ ಸೇರಿ ಯೂನಿಟೀಲಿ (ಗೇಮ್ ಮಾಡೋ ಸಾಫ್ಟ್‌ವೇರ್) 2ಡಿ ಪಜಲ್ ಗೇಮ್ ಮಾಡ್ತಿದೀವಿ, ಕನ್ನಡ ಇಂಗ್ಲಿಷ್ ಎರಡೂ ಇರುತ್ತೆ. ಪಿಸಿ ಗೇಮ್ ಮಾರೋ ಸ್ಟೀಮ್ ಸ್ಟೋರ್ ಮಾತ್ರ ಸಾಕಾ, ಇಲ್ಲಾ ನಿಂಟೆಂಡೊ ಕನ್ಸೋಲ್ ಸ್ವಿಚ್, ಆಂಡ್ರಾಯ್ಡ್ ಕೂಡ ಒಂದೇ ಸಲ ಬಿಡೋದಾ? ಕೈಲಿರೋ ದುಡ್ಡು ಆರು ತಿಂಗಳಿಗಾಗುತ್ತೆ.

ಬಿಲ್ಡ್_ಫೇಲ್: ಕನ್ಸೋಲ್ ಕಡೆ ತಲೆ ಹಾಕ್ಬೇಡಿ. ನಮ್ಮ ಗೇಮ್ ಸರ್ಟಿಫಿಕೇಶನ್‌ನಿಂದ (ಬಿಡೋ ಮುಂಚೆ ಕನ್ಸೋಲ್ ಕಂಪನಿ ಮಾಡೋ ಪರೀಕ್ಷೆ) ವಾಪಸ್ ಬಂದಿದ್ದು ಯಾಕೆ ಗೊತ್ತಾ, ಕಂಟ್ರೋಲರ್ ಕನೆಕ್ಷನ್ ಹೋದ್ರೆ ಗೇಮ್ ತಾನೇ ನಿಲ್ಬೇಕು, ಕಥೆ ತೋರಿಸೋ ಒಂದು ಕಟ್‌ಸೀನಲ್ಲಿ ಮಾತ್ರ ನಿಲ್ತಿರಲಿಲ್ಲ, ಅಷ್ಟಕ್ಕೇ. ಸರಿ ಮಾಡಿ ಕಳ್ಸಿದ್ರೆ ಮತ್ತೆ ಕ್ಯೂ, ಅಷ್ಟ್ರಲ್ಲಿ ದೀಪಾವಳಿ ಸೇಲ್ ಮುಗೀತು. ಪೋರ್ಟಿಂಗ್ (ಗೇಮನ್ನ ಕನ್ಸೋಲ್‌ಗೆ ಹೊಂದಿಸೋದು) ಮಾಡ್ಕೊಡ್ತೀವಿ ಅಂದ ಕಂಪನಿ ಮೂರು ಲಕ್ಷ ಅಡ್ವಾನ್ಸ್ ನುಂಗಿ ಮೆಮೊರಿ ಸಾಲ್ತಿಲ್ಲ ಟೆಕ್ಸ್ಚರ್ (ಗೇಮ್ ಒಳಗಿನ ಚಿತ್ರ) ಸೈಜ್ ನೀವೇ ಕಮ್ಮಿ ಮಾಡಿ ಅಂತು. ದೊಡ್ಡೋರ ಕಥೆನೂ ನೋಡಿ, ಸೈಬರ್‌ಪಂಕ್ 2077ನ 2020 ಡಿಸೆಂಬರಲ್ಲಿ ಸೋನಿಯ ಹಳೇ ಕನ್ಸೋಲ್ ಪಿಎಸ್4ಗೂ ಬಿಟ್ರು, ಅದರಲ್ಲಿ ನೆಟ್ಟಗೆ ಓಡ್ಲಿಲ್ಲ, ಅದೇ ತಿಂಗಳು ಸೋನಿ ತನ್ನ ಸ್ಟೋರಿಂದ ತೆಗ್ದುಹಾಕ್ತು, ವಾಪಸ್ ಹಾಕಿದ್ದು 2021 ಜೂನಲ್ಲಿ.

ಜಾಯ್‌ಸ್ಟಿಕ್_ಜಯನಗರ: ಬಿಲ್ಡ್_ಫೇಲ್ ಅವ್ರೇ, ನಿಮ್ಗೆ ಕಂಪನಿ ಕೈಕೊಟ್ಟಿದ್ದಕ್ಕೆ ಎಲ್ಲರನ್ನೂ ಯಾಕೆ ಹೆದರಿಸ್ತೀರಾ? ಪುಣೆಯವ್ರ ರಾಜಿ ಅನ್ನೋ ಗೇಮ್ 2020 ಆಗಸ್ಟಲ್ಲಿ ಮೊದಲು ಬಂದಿದ್ದೇ ಸ್ವಿಚ್‌ಗೆ, ಪಿಸಿ ಪಿಎಸ್4 ಎಲ್ಲಾ ಅಕ್ಟೋಬರಲ್ಲಿ. ಸ್ಟೀಮಲ್ಲಿ 100 ಡಾಲರ್ ಕಟ್ಟಿದ್ರೆ ಯಾರು ಬೇಕಾದ್ರೂ ಬಿಡಬಹುದು, ದಿನಾ ಬರೋ ಗೇಮ್‌ಗಳ ರಾಶೀಲಿ ನಮ್ಮದು ಮುಳುಗೇಹೋಗಿತ್ತು, ಮನೆ ಬಾಡಿಗೆ ಕಟ್ಟಿದ್ದು ಸ್ವಿಚ್ ದುಡ್ಡಲ್ಲೇ.

ಬಿಲ್ಡ್_ಫೇಲ್: ರಾಜಿ ಟೀಮ್ ಎಲ್ಲಿ, ಇಬ್ರು ಹುಡುಗ್ರು ಎಲ್ಲಿ? ಆ ಗೇಮನ್ನ ನಿಂಟೆಂಡೊನೇ ತನ್ನ ಶೋನಲ್ಲಿ ತೋರಿಸ್ತು, ನಮ್ಮನ್ನ ಯಾರ್ ತೋರಿಸ್ತಾರೆ.

ಧಾರವಾಡ_ಡೆವ್: ಇಬ್ರೂ ಕನ್ಸೋಲ್ ಅಂತ ಬಡಿದಾಡಾಕತ್ತೀರಿ, ಆಂಡ್ರಾಯ್ಡ್ ಬಗ್ಗೆ ಯಾರೂ ಹೇಳವಲ್ರಿ. ಪ್ಲೇ ಸ್ಟೋರಿಗೆ 25 ಡಾಲರ್ ಒಮ್ಮೆ ಕಟ್ಟಿದ್ರ ಮುಗೀತು ಅಂತ ತಿಳ್ಕೋಬ್ಯಾಡ್ರಿ. ಹೊಸಾ ಪರ್ಸನಲ್ ಅಕೌಂಟ್ ಇದ್ರ 12 ಮಂದಿ ಟೆಸ್ಟರ್ 14 ದಿನ ಬಿಡದ ಇರಬೇಕು, ಅಕ್ಕನ ಮಕ್ಕಳಿಂದ ಹಿಡ್ದು ಓಣ್ಯಾಗಿನವ್ರ ತನಕ ಎಲ್ಲಾರ ಕೈಕಾಲು ಹಿಡ್ದು ಹಾಕ್ಸೇನಿ. ಅಗ್ಗದ ಫೋನ್‌ನ್ಯಾಗ ಆಡಿದ್ರ ಫೋನ್ ಕಾಯ್ದು ಫ್ರೇಮ್ ಬಿದ್ದು ಆಟ ತಡವರಸ್ತೈತಿ. ಅದಕ್ಕಿಂತ ದೊಡ್ಡ ಕಾಟ ಕನ್ನಡದ್ದು, ಯೂನಿಟ್ಯಾಗ ಅಕ್ಷರ ತೋರ್ಸೂ ಟೆಕ್ಸ್ಟ್‌ಮೆಶ್‌ಪ್ರೋದಾಗ ಒತ್ತಕ್ಷರ ಕೂಡೂದಿಲ್ಲ, ಒಡದು ಪಕ್ಕಕ್ಕ ನಿಲ್ತಾವ. ಮೆನು ಅಷ್ಟೂ ಚಿತ್ರ ಮಾಡಿ ಹಾಕೀವಿ, ಒಂದು ಸಾಲು ತಿದ್ದಿದ್ರ ಎಲ್ಲಾ ಸೈಜಿಗೂ ಮತ್ತ ಹೊಸಾ ಚಿತ್ರ.

ಗೋಡೋ_ಗಿರಿ: ಅದಕ್ಕೇ ಯೂನಿಟಿ ಬಿಟ್ಟು ಗೋಡೋಗೆ (ಅದೂ ಗೇಮ್ ಮಾಡೋ ಸಾಫ್ಟ್‌ವೇರೇ) ಬನ್ನಿ ಅಂತ ಬಡ್ಕೊಳ್ಳೋದು. 4ನೇ ವರ್ಷನ್‌ನಲ್ಲಿ ಒತ್ತಕ್ಷರ ನೆಟ್ಟಗೆ ಕೂರುತ್ತೆ. 2023ರಲ್ಲಿ ಯೂನಿಟಿ ಇನ್‌ಸ್ಟಾಲ್ ಲೆಕ್ಕದಲ್ಲಿ ದುಡ್ಡು ಕೇಳಿದಾಗ್ಲೇ ನಾನು ಗಂಟುಮೂಟೆ ಕಟ್ಟಿದ್ದು.

ಜಾಯ್‌ಸ್ಟಿಕ್_ಜಯನಗರ: ಆ ಫೀಸ್ 2024ರಲ್ಲೇ ಕೈಬಿಟ್ರು, ಇನ್ನೂ ಅದನ್ನೇ ಹಾಡ್ತಿದೀರಲ್ಲ. ನಿಮ್ಮ ಗೋಡೋದಲ್ಲಿ ಸ್ವಿಚ್‌ಗೆ ಅಧಿಕೃತ ಎಕ್ಸ್‌ಪೋರ್ಟ್ ಎಲ್ಲಿದೆ? ಎಲ್ಲರಿಗೂ ಕೋಡ್ ಕಾಣೋ ಓಪನ್ ಸೋರ್ಸ್ ಒಳಗೆ ಎನ್‌ಡಿಎ (ಗುಟ್ಟು ಬಿಡಲ್ಲ ಅನ್ನೋ ಒಪ್ಪಂದ) ಇರೋ ಕನ್ಸೋಲ್ ಕೋಡ್ ಸೇರಿಸೋಕಾಗಲ್ಲ, ಹೆಚ್ಚಾಗಿ ಹೊರಗಿನ ಕಂಪನಿಗೇ ದುಡ್ಡು ಸುರೀಬೇಕಾಗುತ್ತೆ.

ಬಿಲ್ಡ್_ಫೇಲ್: ಹಾಂ, ಸುರೀರಿ. ನನ್ನ ಮೂರು ಲಕ್ಷ ಇನ್ನೂ ವಾಪಸ್ ಬಂದಿಲ್ಲ.

ಗೋಡೋ_ಗಿರಿ: ಕನ್ಸೋಲೇ ಯಾಕ್ರೀ ಬೇಕು, ಸ್ಟೀಮ್‌ನವ್ರದೇ ಕೈಲಿ ಹಿಡಿದು ಆಡೋ ಸ್ಟೀಮ್ ಡೆಕ್ ಇದೆ, ವಿಂಡೋಸ್‌ಗೆ ಮಾಡಿದ ಗೇಮೇ ಅದರ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್ ಮೇಲೆ ಓಡುತ್ತೆ, ಹೆಚ್ಚಿಗೆ ಒಂದು ರೂಪಾಯಿ ಖರ್ಚಿಲ್ಲ.

ಜಾಯ್‌ಸ್ಟಿಕ್_ಜಯನಗರ: ಓಡುತ್ತೆ ಅಂತ ಬಾಯಲ್ಲಿ ಹೇಳ್ಬೇಡಿ, ನಿಮ್ಮ ಗೇಮ್ ಸ್ಟೋರ್ ಪೇಜಲ್ಲಿ ಡೆಕ್ ವೆರಿಫೈಡ್ (ಡೆಕ್‌ನಲ್ಲಿ ಚೆನ್ನಾಗಿ ಓಡುತ್ತೆ ಅನ್ನೋ ಗುರುತು) ಅಂತ ಬಂದಿದ್ಯಾ ತೋರಿಸಿ ಮೊದಲು.