ಹಾರ್ಡ್ ಡಿಸ್ಕ್ ಕಾಣಿಸುತ್ತದೆ, ಕಾಪಿ ಮಾಡಲು ಹೋದರೆ ನಿಂತುಬಿಡುತ್ತದೆ. ಡೇಟಾ ತೆಗೆಯಬಹುದಾ?

ಸಾಗರದವಳು:
ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿದೆ. 1 ಟಿಬಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಲ್ಲ. ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತದೆ, ರಿಪೇರಿ ನಡೆಯುತ್ತಿದೆ ಎನ್ನುತ್ತದೆ, ರೀಸ್ಟಾರ್ಟ್ ಆಗುತ್ತದೆ, ಮತ್ತೆ ಅದೇ ಕಥೆ. ಅಂಗಡಿಯವರು ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೋರಿಸಿದರು. ಸಿ, ಡಿ ಎರಡೂ ಡ್ರೈವ್ ಕಾಣುತ್ತವೆ, ಫೋಲ್ಡರ್ ಹೆಸರುಗಳೂ ಕಾಣುತ್ತವೆ, ಆದರೆ ಕಾಪಿ ಕೊಟ್ಟರೆ ಸ್ವಲ್ಪ ಹೊತ್ತು ಓಡಿ ಸ್ಪೀಡು ಸೊನ್ನೆಗೆ ಇಳಿಯುತ್ತದೆ, ಕೊನೆಗೆ ಡ್ರೈವೇ ಮಾಯ. ಕಟಕಟ ಸದ್ದೇನೂ ಇಲ್ಲ. "ಚೆಕ್‌ಡಿಸ್ಕ್ ಓಡಿಸೋಣ, ಆಗದಿದ್ದರೆ ಫಾರ್ಮ್ಯಾಟ್ ಮಾಡಿ ರಿಕವರಿ ಸಾಫ್ಟ್‌ವೇರ್ ಹಾಕೋಣ" ಅಂದರು. ಸದ್ಯಕ್ಕೆ ಬೇಡ ಅಂತ ವಾಪಸ್ ತಂದಿದ್ದೇನೆ.

ಫೋಟೋಗಳ ಚಿಂತೆ ಇಲ್ಲ, ಬಹುತೇಕ ಫೋನಿನಲ್ಲೂ ಇವೆ. ಆದರೆ ಅಪ್ಪ ನುಡಿಯಲ್ಲಿ ಟೈಪ್ ಮಾಡಿಟ್ಟ ಬರಹ, ನಮ್ಮ ಕಡೆಯ ತಾಳಮದ್ದಳೆ ಕೂಟಗಳ ರೆಕಾರ್ಡಿಂಗ್ ಎಲ್ಲ ಡಿ ಡ್ರೈವಿನಲ್ಲಿವೆ. ಬೇರೆ ಪ್ರತಿ ಇಲ್ಲ. ಬೆಂಗಳೂರಿಗೆ ಕಳಿಸುವ ಮೊದಲು ಮನೆಯಲ್ಲೇ ಏನಾದರೂ ಮಾಡಬಹುದಾ? ಲಿನಕ್ಸ್ ಅಲ್ಪಸ್ವಲ್ಪ ಗೊತ್ತು.

ಬೈಟ್ ಭಟ್ಟ:
ವಾಪಸ್ ತಂದಿದ್ದು ಒಳ್ಳೆಯದಾಯಿತು ಮೇಡಂ. ಚೆಕ್‌ಡಿಸ್ಕ್ ಮಾಡುವುದು ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿಮಾಡುವ ಕೆಲಸ, ನಿಮ್ಮ ಫೈಲು ಉಳಿಸುವ ಕೆಲಸ ಅಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯಲು ಶುರುಮಾಡಿದರೆ, ಈಗ ಕಾಣುತ್ತಿರುವ ಫೋಲ್ಡರ್ ಹೆಸರುಗಳೂ ಹೋಗಬಹುದು. ಫಾರ್ಮ್ಯಾಟಂತೂ ಕೇಳಲೇಬೇಡಿ.

ನೀವು ಹೇಳಿದ್ದನ್ನು ನೋಡಿದರೆ ಬ್ಯಾಡ್ ಸೆಕ್ಟರ್ ಇರಬೇಕು, ತಟ್ಟೆಯಿಂದ ಡೇಟಾ ಓದುವ ಹೆಡ್ ಇನ್ನೂ ಕೆಲಸ ಮಾಡುತ್ತಿದೆ. ಓದಲಾಗದ ಜಾಗ ಸಿಕ್ಕಿದಾಗ ವಿಂಡೋಸ್ ಅಲ್ಲೇ ಹಟ ಹಿಡಿದು ಮತ್ತೆ ಮತ್ತೆ ಓದಿಸುತ್ತದೆ, ಅದಕ್ಕೇ ನಿಲ್ಲುವುದು. ಹಾಗಾಗಿ ಫೈಲ್ ಫೈಲಾಗಿ ಕಾಪಿ ಮಾಡಲು ಹೋಗಬೇಡಿ. ಇಡೀ ಡಿಸ್ಕಿನ ಇಮೇಜ್ (ಒಂದೇ ಫೈಲಾಗಿ ಪೂರ್ತಿ ನಕಲು) ತೆಗೆದುಕೊಳ್ಳಿ, ಆಮೇಲೆ ಮಾಡುವುದೆಲ್ಲ ಆ ಇಮೇಜಿನ ಮೇಲೆ. ಅದಕ್ಕೆ ಡಿಡಿರೆಸ್ಕ್ಯೂ ಬೇಕು. ಚೆನ್ನಾಗಿರುವ ಜಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದಕ್ಕೆ ಹೋಗಿ, ಅದನ್ನು ಕೊನೆಗೆ ಮುಟ್ಟುತ್ತದೆ.

ಸಿಸ್ಟಂರೆಸ್ಕ್ಯೂ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಡಿಡಿರೆಸ್ಕ್ಯೂ ಮತ್ತು ಟೆಸ್ಟ್‌ಡಿಸ್ಕ್ ಎರಡೂ ಅದರಲ್ಲೇ ಇರುತ್ತವೆ. ಡಿಸ್ಕನ್ನು ಯುಎಸ್‌ಬಿ ಕೇಸಿನಿಂದ ತೆಗೆದು ಮತ್ತೆ ಲ್ಯಾಪ್‌ಟಾಪಿನ ಒಳಗೇ ಕೂರಿಸಿ, ಪೆನ್‌ಡ್ರೈವಿನಿಂದ ಬೂಟ್ ಮಾಡಿ. ನೇರ ಸಾಟಾದಲ್ಲಿ ಡ್ರೈವ್ ಮಾಯವಾಗುವ ಕಾಟ ಸಾಮಾನ್ಯವಾಗಿ ಕಡಿಮೆ. ಇಮೇಜ್ ಇಡಲು 2 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ, ಯಾಕಂದರೆ 1 ಟಿಬಿ ಇಮೇಜ್ ಇನ್ನೊಂದು 1 ಟಿಬಿ ಡಿಸ್ಕಿನೊಳಗೆ ಫೈಲಾಗಿ ಹಿಡಿಸುವುದಿಲ್ಲ. ಅದು ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಮ್ಯಾಪ್ ಫೈಲನ್ನೂ ಅದೇ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇಡಿ. ಎಲ್ಲಿಯವರೆಗೆ ಓದಿದೆ ಅನ್ನುವ ಲೆಕ್ಕ ಅದರಲ್ಲಿರುತ್ತದೆ, ಮಧ್ಯೆ ಕರೆಂಟು ಹೋದರೂ ಅದೇ ಕಮಾಂಡ್ ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಮೊದಲ ಸುತ್ತನ್ನು ಮೈನಸ್ ಎನ್ ಕೊಟ್ಟು ಓಡಿಸಿ, ಕೆಟ್ಟ ಜಾಗ ಕೆರೆಯುವ ಕೆಲಸ ಆಗ ಮಾಡುವುದಿಲ್ಲ. ಅದು ಮುಗಿದ ಮೇಲೆ ಮೈನಸ್ ಡಿ (ಡಿಸ್ಕನ್ನು ನೇರವಾಗಿ ಓದಲು), ಮೈನಸ್ ಆರ್ 3 (ಕೆಟ್ಟ ಜಾಗವನ್ನು ಮೂರು ಸಲ ಮತ್ತೆ ಓದಲು) ಹಾಕಿ ಇನ್ನೊಂದು ಸುತ್ತು. ಒಂದೇ ಒಂದು ಭಯ: ಮೂಲ ಯಾವುದು, ಗುರಿ ಯಾವುದು ಅಂತ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಸೈಜ್ ನೋಡಿ ಖಾತ್ರಿ ಮಾಡಿಕೊಳ್ಳಿ. ಅದಲುಬದಲು ಆದರೆ ನಾನೂ ಇಲ್ಲ, ಬ್ರಹ್ಮನೂ ಇಲ್ಲ. ಮಧ್ಯೆ ಕಟಕಟ ಶುರುವಾದರೆ ಆ ಕ್ಷಣವೇ ಆಫ್ ಮಾಡಿ. ಆಮೇಲೆ ಅದು ಮನೆಯ ಕೆಲಸ ಅಲ್ಲ.

ಗುಂಡ್ಲುಪೇಟೆ ಗುಂಡ:
ಇಷ್ಟೆಲ್ಲ ಯಾಕೆ ಗುರು. ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ರಾತ್ರಿ ಫ್ರೀಜರಿನಲ್ಲಿ ಇಡಿ, ಬೆಳಿಗ್ಗೆ ಓಡುತ್ತದೆ. ನಮ್ಮ ಮಾವನದ್ದು ಓಡಿತ್ತು. ಇಲ್ಲಾಂದ್ರೆ ಅದೇ ಮಾಡೆಲ್ ಡಿಸ್ಕ್ ತಂದು ಕೆಳಗಿನ ಹಸಿರು ಬೋರ್ಡ್ ಬದಲಿಸಿ.

ಬೈಟ್ ಭಟ್ಟ:
ಗುಂಡಣ್ಣ, ಆ ಕಾಲ ಹೋಯಿತು. ಹಳೇ ಡಿಸ್ಕ್‌ಗಳಲ್ಲಿ ಹೆಡ್ ತಟ್ಟೆಯ ಮೇಲೇ ಕೂರುತ್ತಿತ್ತು, ಕೆಲವೊಮ್ಮೆ ಅಂಟಿಕೊಳ್ಳುತ್ತಿತ್ತು. ಈಗಿನ ಲ್ಯಾಪ್‌ಟಾಪ್ ಡಿಸ್ಕಿನಲ್ಲಿ ಹೆಡ್ ತಟ್ಟೆಯಿಂದ ಹೊರಗೆ ರ‍್ಯಾಂಪಿನ ಮೇಲೆ ಕೂರುತ್ತದೆ. ಫ್ರೀಜರಿನಿಂದ ತೆಗೆದ ಕೂಡಲೇ ತೇವ ಕಟ್ಟುತ್ತದೆ, ಅದೂ ಸಾಗರದ ಮಳೆಗಾಲದ ಹವೆಯಲ್ಲಿ! ಹೆಡ್ ಓಡಾಡುವುದು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ, ಅಲ್ಲಿ ನೀರಿನ ಪಸೆ ಕೂತರೆ ಮುಗಿಯಿತು. ಬೋರ್ಡ್ ವಿಷಯವೂ ಅಷ್ಟೇ. ಆಯಾ ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿ ಬೋರ್ಡಿನ ರೋಮ್ ಚಿಪ್ಪಿನಲ್ಲಿ ಇರುತ್ತದೆ, ಅದನ್ನೂ ದಾಟಿಸದೆ ಬೋರ್ಡ್ ಮಾತ್ರ ಬದಲಿಸಿದರೆ ಈಚಿನ ಡಿಸ್ಕ್‌ಗಳು ಎದ್ದೇಳುವುದಿಲ್ಲ. ಇವರದ್ದು ಹೇಗೂ ತಿರುಗುತ್ತಿದೆ, ಬೋರ್ಡಿನ ತಂಟೆಗೆ ಯಾಕೆ ಹೋಗಬೇಕು?

ತಂಪು ಬೇಕಿದ್ದರೆ ಎದುರಿಗೆ ಟೇಬಲ್ ಫ್ಯಾನ್ ಇಡಿ, ಸಾಕು.

ಸುಮ್ನೆ ನೋಡುವವ:
ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಫೋಲ್ಡರ್ ಹೆಸರು ಕಾಣುತ್ತಿದೆ ಅಂದರೆ ವಿಂಡೋಸಿನ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಬೀಗ ಇಲ್ಲ, ಅದೃಷ್ಟ. ಇದ್ದಿದ್ದರೆ 48 ಅಂಕಿಯ ಕೀ ಹುಡುಕುವುದೇ ದೊಡ್ಡ ಕೆಲಸ ಆಗುತ್ತಿತ್ತು. ಇದನ್ನು ಓದುತ್ತಿರುವ ಬೇರೆಯವರು ತಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಕೀ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಇನ್ನೊಂದು ನುಡಿ ಫೈಲಿನ ಬಗ್ಗೆ. ಇಮೇಜ್ ತೆಗೆದ ಮೇಲೆ ಟೆಸ್ಟ್‌ಡಿಸ್ಕಿನಲ್ಲಿ ಫೋಲ್ಡರ್ ಸಿಕ್ಕರೆ ಹೆಸರು ಸಮೇತ ಬರುತ್ತವೆ. ಸಿಗದೆ, ಫೈಲುಗಳನ್ನು ಒಳಗಿನ ಗುರುತಿನಿಂದ ಹುಡುಕುವ ಫೋಟೋರೆಕ್ ಬಳಸಬೇಕಾದರೆ ಹೆಸರು, ಫೋಲ್ಡರ್ ಎಲ್ಲ ಹೋಗಿ ಸಾವಿರಾರು ಫೈಲು ಬರೀ ನಂಬರಿನಲ್ಲಿ ಸಿಗುತ್ತವೆ. ಆಗ ಹಳೇ ನುಡಿ ಬರಹ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಬಹುದು, ಕೆಟ್ಟಿದೆ ಅಂತ ಡಿಲೀಟ್ ಮಾಡಿಬಿಡಬೇಡಿ! ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣುವುದು. ಫಾಂಟ್ ಹಾಕಿ ನೋಡಿ. ಯೂನಿಕೋಡಿನಲ್ಲಿ ಕನ್ನಡ ಪದ ಕೊಟ್ಟು ಹುಡುಕಿದರೂ ಈ ಫೈಲುಗಳು ಸಿಗುವುದಿಲ್ಲ, ಒಳಗಿರುವುದು ಹಳೇ ಆಸ್ಕಿ ಸಂಕೇತ.

ಬೆಂಗಳೂರಿಗೆ ಕಳಿಸುವುದೇ ಆದರೆ ಎಸ್.ಪಿ. ರಸ್ತೆಯ ಮೊದಲ ಅಂಗಡಿಗೇ ಕೊಟ್ಟುಬಿಡಬೇಡಿ. ಕ್ಲೀನ್ ರೂಮ್ (ಡಿಸ್ಕ್ ಬಿಚ್ಚಲು ಧೂಳಿಲ್ಲದ ಕೋಣೆ) ಇದೆಯಾ, ಡೇಟಾ ಬರದಿದ್ದರೆ ದುಡ್ಡು ಎಷ್ಟು, ಡಿಸ್ಕನ್ನು ಕೇಳದೆ ಬಿಚ್ಚುತ್ತಾರಾ ಅಂತ ಮೊದಲು ಕೇಳಿ. ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಡಿಸ್ಕನ್ನು ಆಮೇಲೆ ಯಾರೂ ಖುಷಿಯಿಂದ ಮುಟ್ಟುವುದಿಲ್ಲ.

ಸಾಗರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಮೇಜ್ ಬಂತು! ಮೊದಲ ಸುತ್ತು ಬೇಗ ಹೋಯಿತು, ಎರಡನೆಯದು ಕುಂಟುತ್ತಾ ಸಾಗಿತು, ಮಧ್ಯೆ ಕರೆಂಟೂ ಹೋಯಿತು, ಮ್ಯಾಪ್ ಫೈಲ್ ಕಾಪಾಡಿತು. ಕೊನೆಗೆ ಕೆಲವು ಎಂಬಿ ಮಾತ್ರ ಓದಲಾಗದೆ ಉಳಿದಿದೆ. ಟೆಸ್ಟ್‌ಡಿಸ್ಕಿನಲ್ಲಿ ಡಿ ಡ್ರೈವಿನ ಫೋಲ್ಡರ್‌ಗಳು ಹೆಸರು ಸಮೇತ ಸಿಕ್ಕಿವೆ, ಅಪ್ಪ ಆಗಲೇ ತೆರೆದು ತಿದ್ದುತ್ತಾ ಕೂತಿದ್ದಾರೆ. ಓದಲಾಗದ ಜಾಗ ಯಾವ ಫೈಲಿನೊಳಗೆ ಬಿದ್ದಿದೆ ಅಂತ ತಿಳಿಯುವುದು ಹೇಗೆ? ರೆಕಾರ್ಡಿಂಗುಗಳನ್ನೆಲ್ಲ ಪೂರ್ತಿ ಕೇಳುತ್ತಾ ಕೂರಲು ಆಗುವುದಿಲ್ಲ. ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಸಿನಿಮಾ ಹಾಕಿಕೊಳ್ಳಬಹುದಾ?

ಬೈಟ್ ಭಟ್ಟ:
ಭೇಷ್. ಡಿಡಿರೆಸ್ಕ್ಯೂನಲ್ಲೇ ಫಿಲ್ ಮೋಡ್ ಅಂತ ಇದೆ. ಒಂದು ಚಿಕ್ಕ ಫೈಲಿನಲ್ಲಿ ಬೇರೆಲ್ಲೂ ಬರದಂಥ ಪದ ಬರೆದಿಟ್ಟು, ಅದನ್ನು ಮೂಲವಾಗಿ ಕೊಟ್ಟು, ಅದೇ ಮ್ಯಾಪ್ ಫೈಲಿನ ಜೊತೆ ಓಡಿಸಿದರೆ ಇಮೇಜಿನ ಕೆಟ್ಟ ಸೆಕ್ಟರ್‌ಗಳಲ್ಲಿ ಆ ಪದ ತುಂಬಿಕೊಳ್ಳುತ್ತದೆ. ಆಮೇಲೆ ಇಮೇಜನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಫೈಲುಗಳೊಳಗೆ ಪದ ಹುಡುಕುವ ಗ್ರೆಪ್ ಕಮಾಂಡ್ ಕೊಟ್ಟು ಆ ಪದ ಹುಡುಕಿ. ಯಾವ ಫೈಲಿನಲ್ಲಿ ಸಿಗುತ್ತದೋ ಅಷ್ಟನ್ನು ಕೇಳಿದರೆ ಸಾಕು. ಆದರೆ ಇದನ್ನು ಮಾಡುವ ಮೊದಲು ಅಪ್ಪನ ಫೋಲ್ಡರನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ, ಈಗ ಅದಿರುವುದೂ ಒಂದೇ ಡಿಸ್ಕಿನಲ್ಲಿ, ಅಲ್ವಾ?

ಹಳೇ ಡಿಸ್ಕಿಗೆ ಸಿನಿಮಾ ಕೂಡ ಹಾಕಬೇಡಿ. ಗ್ರೆಪ್ ಮುಗಿಯುವವರೆಗೂ ಎಸೆಯಲೂ ಬೇಡಿ. ಯಾವುದಾದರೂ ಮುಖ್ಯ ರೆಕಾರ್ಡಿಂಗ್ ಕೆಟ್ಟಿದ್ದರೆ ಆ ಜಾಗವನ್ನಷ್ಟೇ ಇನ್ನೊಮ್ಮೆ ಓದಿಸಿ ನೋಡಬಹುದು, ಅದಕ್ಕೆ ಮ್ಯಾಪ್ ಫೈಲಿನ ಮೂಲ ಪ್ರತಿ ಒಂದು ಬೇರೆ ಇಟ್ಟುಕೊಂಡಿರಿ.