ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದಬೇಕು, ಯಾವುದರಿಂದ ಶುರು ಮಾಡಲಿ?

ಕೊನೆಪುಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಓದುವ ಅಭ್ಯಾಸ ಮೊದಲಿಂದಲೂ ಇದೆ, ಆದರೆ ಈ ಕಡೆಗೆ ನಾನು ಹೊಸಬ. ಇಷ್ಟು ದಿನ ಓದಿದ್ದು ಜಾಸ್ತಿ ಪತ್ತೇದಾರಿ ಕಾದಂಬರಿಗಳು, ನಡುನಡುವೆ ಐತಿಹಾಸಿಕ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗುವ ತನಕ ನಿದ್ದೆ ಬಾರದವರ ಪೈಕಿ ನಾನು.

ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಸಿನಿಮಾಗಳು ಇಷ್ಟ. ಪುಸ್ತಕ ಮಾತ್ರ ಯಾಕೋ ಒಗ್ಗುತ್ತಿಲ್ಲ. ಎಲ್ಲರೂ ಹೊಗಳುತ್ತಾರೆ ಅಂತ ‘ಡ್ಯೂನ್’ ಹಿಡಿದೆ. ಮೊದಲ ಅಧ್ಯಾಯದಲ್ಲೇ ಬೆನೆ ಜೆಸೆರಿಟ್, ಗೋಮ್ ಜಬ್ಬಾರ್, ಕ್ವಿಸಾಟ್ಜ್ ಹ್ಯಾಡೆರಾಕ್! ಹಿಂದೆ ಪದಗಳ ಅರ್ಥ ಕೊಡುವ ಪಟ್ಟಿ ಬೇರೆ ಇದೆ. ಒಂದು ಬೆರಳು ಇಲ್ಲಿ, ಇನ್ನೊಂದು ಬೆರಳು ಅಲ್ಲಿ ಇಟ್ಟುಕೊಂಡು ಓದಿ ಓದಿ ಸಾಕಾಯಿತು. ಆಮೇಲೆ ಗೆಳೆಯನೊಬ್ಬ ‘ವೀಲ್ ಆಫ್ ಟೈಮ್’ ಓದು ಅಂದ. ಅದು 14 ಸಂಪುಟ ಅಂತ ಗೊತ್ತಾದ ಮೇಲೆ ಅವನ ಫೋನ್ ಎತ್ತುತ್ತಿಲ್ಲ.

ಉದ್ದದ ಪಟ್ಟಿ ಬೇಡ. ಒಂದೋ ಎರಡೋ ಹೆಸರು ಹೇಳಿ, ಯಾಕೆ ಅಂತ ಎರಡು ಮಾತು ಬರೆಯಿರಿ. ಇಂಗ್ಲಿಷ್ ಓದುತ್ತೇನೆ. ವಿಜ್ಞಾನ ಅಂದರೆ ಅಷ್ಟಕ್ಕಷ್ಟೇ.

ಏಳನೇ ಗ್ರಹ:

‘ಲಾರ್ಡ್ ಆಫ್ ದಿ ರಿಂಗ್ಸ್’, ‘ಫೌಂಡೇಶನ್’, ‘ಗೇಮ್ ಆಫ್ ಥ್ರೋನ್ಸ್’. ಈ ಮೂರು ಓದಿ ಮುಗಿಸಿ, ಆಮೇಲೆ ಬನ್ನಿ. ಬುನಾದಿ ಗಟ್ಟಿ ಇರಬೇಕು ಅಲ್ವಾ?

ಹಳೆಪುಸ್ತಕ:

ಮೂರೂ ಒಳ್ಳೆಯ ಹೆಸರುಗಳೇ. ಆದರೆ ಈ ‘ಬುನಾದಿ’ ಅನ್ನೋ ಮಾತು ಎಷ್ಟೋ ಜನರನ್ನು ಓಡಿಸಿಬಿಟ್ಟಿದೆ. ಇದೇನು ಪರೀಕ್ಷೆನಾ, ಪಾಠ ಮುಗಿಸಿ ಬಾ ಅನ್ನೋಕೆ? ಅದರಲ್ಲೂ ಕೊನೆ ಗೊತ್ತಾಗದೆ ನಿದ್ದೆ ಬಾರದವರಿಗೆ ‘ಗೇಮ್ ಆಫ್ ಥ್ರೋನ್ಸ್’ ಕೊಡುತ್ತೀರಾ! ಮೊದಲ ಪುಸ್ತಕ ಬಂದಿದ್ದು 1996ರಲ್ಲಿ, ಐದನೆಯದು 2011ರಲ್ಲಿ. ಒಟ್ಟು ಏಳು ಅಂತ ಮಾತು. ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ಪಾಪ, ಇವರು ನಿಮಗೇನು ಮಾಡಿದ್ದರು?

ಕೊನೆಪುಟ ಅವರೇ, ನಿಮಗೆ ನಾನು ಒಂದೇ ಒಂದು ಹೆಸರು ಹೇಳಬೇಕು ಅಂದರೆ ಐಸಾಕ್ ಅಸಿಮೋವ್ ಅವರ ‘ದಿ ಕೇವ್ಸ್ ಆಫ್ ಸ್ಟೀಲ್’. 1954ರಲ್ಲಿ ಪುಸ್ತಕವಾಗಿ ಬಂದಿದ್ದು. ಅಪ್ಪಟ ಕೊಲೆ ಕಥೆ. ಪತ್ತೇದಾರಿ ಕಥೆಗೂ ಸೈನ್ಸ್ ಫಿಕ್ಷನ್‌ಗೂ ಕೂಡಿಬರುವುದಿಲ್ಲ ಅಂತ ಆಗಿನ ದೊಡ್ಡ ಸಂಪಾದಕ ಜಾನ್ ಕ್ಯಾಂಬೆಲ್ ಹೇಳುತ್ತಿದ್ದರಂತೆ. ಕೊನೆಯಲ್ಲಿ ಪತ್ತೇದಾರ ಜೇಬಿನಿಂದ ಯಾವುದೋ ಹೊಸ ಯಂತ್ರ ತೆಗೆದು ಕೇಸು ಮುಗಿಸಿಬಿಟ್ಟರೆ ಓದುಗನಿಗೆ ಮೋಸ ಅಲ್ವಾ? ಅಸಿಮೋವ್ ಆ ಮೋಸ ಮಾಡುವುದಿಲ್ಲ. ತನ್ನ ಲೋಕದ ನಿಯಮಗಳನ್ನೆಲ್ಲ ಮೊದಲೇ ನಿಮ್ಮ ಮುಂದೆ ಹರವಿಡುತ್ತಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗುಟ್ಟು ಒಡೆಯುವುದಿಲ್ಲ. ಕಥೆ ನಡೆಯುವುದು ಸಾವಿರಾರು ವರ್ಷ ಮುಂದೆ. ಭೂಮಿಯ ಜನ ದೊಡ್ಡ ದೊಡ್ಡ ಮುಚ್ಚಿದ ನಗರಗಳಲ್ಲಿ ಇದ್ದಾರೆ, ತಲೆ ಮೇಲೆ ಉಕ್ಕಿನ ಸೂರು. ಬಯಲಿಗೆ ಕಾಲಿಡುವುದು ಅಂದರೆ ಅವರಿಗೆ ಕೈಕಾಲು ನಡುಗುತ್ತದೆ. ನಗರದ ಪಕ್ಕದಲ್ಲೇ ಬೇರೆ ಗ್ರಹಗಳಿಂದ ಬಂದವರ ಒಂದು ಸಣ್ಣ ಊರು. ಅಲ್ಲೊಬ್ಬ ವಿಜ್ಞಾನಿಯ ಕೊಲೆಯಾಗುತ್ತದೆ. ಕಾವಲಿನ ಬಾಗಿಲಿಂದ ಆಯುಧ ಒಳಗೆ ಹೋಗುವ ಹಾಗಿಲ್ಲ. ಹಾಗಾದರೆ ಕೊಲೆಗಾರ ಬಯಲು ದಾಟಿ ಬಂದಿರಬೇಕು. ಆದರೆ ನಗರದ ಮನುಷ್ಯ ಒಬ್ಬನೇ ಬಯಲು ದಾಟುವುದು ಯಾರೂ ಊಹಿಸದ ಮಾತು. ರೋಬೋ ಸಲೀಸಾಗಿ ದಾಟುತ್ತದೆ, ಆದರೆ ಅದು ಮನುಷ್ಯನನ್ನು ಕೊಲ್ಲಲಾರದು. ಅದರ ಮೊದಲ ನಿಯಮವೇ ಅದು. ಕೊಲ್ಲಬಲ್ಲವನು ದಾಟಲಾರ, ದಾಟಬಲ್ಲದ್ದು ಕೊಲ್ಲಲಾರದು. ಒಳಗಿಂದ ಚಿಲಕ ಹಾಕಿದ ಕೋಣೆಯ ಕೊಲೆ ಕಥೆಗಳನ್ನು ಓದಿರುತ್ತೀರಿ. ಇಲ್ಲಿ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಆ ಲೋಕದವರ ಭಯ ಮತ್ತು ನಿಯಮಗಳೇ ಚಿಲಕ. ಪತ್ತೇದಾರ ಎಲಿಜಾ ಬೇಲಿ. ಅವನಿಗೆ ರೋಬೋ ಕಂಡರೆ ಆಗುವುದಿಲ್ಲ. ಜೊತೆಗೆ ಹಾಕಿದ್ದು ಥೇಟ್ ಮನುಷ್ಯನ ಹಾಗೇ ಕಾಣುವ ರೋಬೋ ಡ್ಯಾನೀಲ್‌ನನ್ನು. ಇಬ್ಬರ ಜಟಾಪಟಿಗೇ ಪುಸ್ತಕ ಓದಬಹುದು.

ನಿಮ್ಮ ‘ಡ್ಯೂನ್’ ತೊಂದರೆಗೂ ಇಲ್ಲೇ ಉತ್ತರ ಇದೆ ಅಂತ ನನಗನ್ನಿಸುತ್ತದೆ. ಪತ್ತೇದಾರಿ ಕಥೆಯಲ್ಲಿ ಮೇಜಿನ ಮೇಲೆ ನಿಂತುಹೋದ ಗಡಿಯಾರ ಕಂಡರೆ ನೀವು ತಕ್ಷಣ ಅರ್ಥ ಹುಡುಕುತ್ತೀರಾ? ಇಲ್ಲ. ‘ಹೂಂ, ಇದು ಮುಂದೆ ಎಲ್ಲೋ ಬರುತ್ತೆ’ ಅಂತ ಮನಸ್ಸಲ್ಲಿ ಗುರುತು ಹಾಕಿಕೊಂಡು ಪುಟ ತಿರುಗಿಸುತ್ತೀರಿ. ಗೊತ್ತಿಲ್ಲದ ಹೆಸರು ಬಂದಾಗಲೂ ಅಷ್ಟೇ ಮಾಡಿ. ಗೋಮ್ ಜಬ್ಬಾರನ್ನೇ ನೋಡಿ. ಮುದುಕಿಯೊಬ್ಬಳು ಹುಡುಗನ ಕೈಯನ್ನು ಒಂದು ಪೆಟ್ಟಿಗೆಯೊಳಗೆ ಇಡಿಸುತ್ತಾಳೆ. ಕತ್ತಿನ ಹತ್ತಿರ ವಿಷದ ಸೂಜಿ ಹಿಡಿಯುತ್ತಾಳೆ. ಕೈ ಸುಡುವ ಹಾಗೆ ಉರಿಯುತ್ತದೆ, ಆದರೆ ಹೊರಗೆ ಎಳೆದರೆ ಸೂಜಿ ಚುಚ್ಚುತ್ತದೆ, ಸಾವು. ಆ ಸೂಜಿಯೇ ಗೋಮ್ ಜಬ್ಬಾರ್. ಪಟ್ಟಿ ನೋಡದೆ ನಾಲ್ಕು ಪುಟ ಮುಂದೆ ಹೋಗಿದ್ದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಹಿಂದಿನ ಪಟ್ಟಿ ಇರುವುದು ಎರಡನೇ ಸಲ ಓದುವವರಿಗೆ, ನನ್ನ ಪ್ರಕಾರ.

ಫ್ಯಾಂಟಸಿಯಲ್ಲಿ ಒಂದು ಬೇಕಾದರೆ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’, 1968. ತೆಳ್ಳಗಿನ ಪುಸ್ತಕ. ಮುಂದೆ ಬೇರೆ ಭಾಗಗಳಿವೆ, ಆದರೆ ಇದು ಇಲ್ಲಿಗೇ ಮುಗಿಯುತ್ತದೆ. ಗೆಡ್ ಅನ್ನುವ ಹುಡುಗ ಮಂತ್ರವಿದ್ಯೆ ಕಲಿಯುವಾಗ ಜಂಬಕ್ಕೆ ಬಿದ್ದು, ಮಾಡಬಾರದ ಮಂತ್ರ ಮಾಡಿ ಒಂದು ನೆರಳನ್ನು ಹೊರಗೆ ಬಿಡುತ್ತಾನೆ. ಆ ಲೋಕದಲ್ಲಿ ಯಾವುದರ ನಿಜವಾದ ಹೆಸರು ಗೊತ್ತೋ ಅದು ನಿಮ್ಮ ಕೈಯಲ್ಲಿ. ಈ ನೆರಳಿನ ಹೆಸರೇನು? ಯಾರಿಗೂ ಗೊತ್ತಿಲ್ಲ. ಅರ್ಧ ಪುಸ್ತಕ ಅದು ಇವನನ್ನು ಅಟ್ಟಿಸಿಕೊಂಡು ಬರುತ್ತದೆ, ಆಮೇಲೆ ಇವನೇ ತಿರುಗಿ ಅದರ ಬೆನ್ನು ಹತ್ತುತ್ತಾನೆ. ನಿಮ್ಮ ಪತ್ತೇದಾರಿ ಬುದ್ಧಿಗೆ ಇಲ್ಲೂ ಕೆಲಸ ಇದೆ. ಒಂದು ಎಚ್ಚರಿಕೆ: ಹಳೆಯ ಐತಿಹ್ಯ ಹೇಳುವ ಧಾಟಿ, ಸಂಭಾಷಣೆ ಕಡಿಮೆ. ಅವಸರದಲ್ಲಿ ಓದಿದರೆ ಸಪ್ಪೆ ಅನ್ನಿಸುತ್ತದೆ. ಬಾಯಿಬಿಟ್ಟು ಓದಿ ನೋಡಿ. ನಾನು ತಂಗಿಗೆ ಹಾಗೇ ಓದಿ ಹೇಳಿದ್ದು. ನೆರಳು ಬರುವ ಭಾಗದಲ್ಲಿ ಲೈಟ್ ಆರಿಸಲು ಬಿಡಲಿಲ್ಲ ಅವಳು.

ನಗುವ ಡ್ರ್ಯಾಗನ್:

ಇಷ್ಟು ಗಂಭೀರ ಯಾಕೆ, ಸ್ವಾಮಿ? ಟೆರ‍್ರಿ ಪ್ರ್ಯಾಚೆಟ್ ಅವರ ‘ಗಾರ್ಡ್ಸ್! ಗಾರ್ಡ್ಸ್!’ ಓದಿ. 1989ರದ್ದು. ಡಿಸ್ಕ್‌ವರ್ಲ್ಡ್ ಮಾಲೆಯಲ್ಲಿ 41 ಕಾದಂಬರಿಗಳಿವೆ. ದಯವಿಟ್ಟು ನನ್ನ ಫೋನ್ ಎತ್ತುವುದು ಬಿಡಬೇಡಿ, ಎಲ್ಲ ಓದಬೇಕಿಲ್ಲ. ಮೊದಲನೆಯದರಿಂದ ಶುರು ಮಾಡುವುದೂ ಬೇಡ. ಇದು ಪೊಲೀಸ್ ಕಥೆ, ಹಾಗಾಗಿ ನಿಮಗೆ ಸರಿಹೋಗುತ್ತದೆ. ಆ ನಗರದಲ್ಲಿ ಕಳ್ಳತನಕ್ಕೂ ಲೈಸೆನ್ಸ್ ಇದೆ, ಕಳ್ಳರು ಕದ್ದ ಮೇಲೆ ರಸೀದಿ ಕೊಡುತ್ತಾರೆ. ಅಂಥ ಊರಿಗೆ ಹೊಸದಾಗಿ ಬಂದ ಒಬ್ಬ ಪೇದೆ, ಕಾನೂನು ಪುಸ್ತಕವನ್ನು ಅಕ್ಷರ ಅಕ್ಷರ ನಂಬಿದವನು, ಸೀದಾ ಹೋಗಿ ಕಳ್ಳರ ಸಂಘದ ಅಧ್ಯಕ್ಷನನ್ನೇ ಬಂಧಿಸುತ್ತಾನೆ. ಡ್ರ್ಯಾಗನ್ ಕೂಡ ಇದೆ. ಅದನ್ನು ಯಾರು ಕರೆಸುತ್ತಿದ್ದಾರೆ ಅನ್ನುವುದೇ ತನಿಖೆ.

ಕೊನೆಪುಟ:

ಬಹಳ ಥ್ಯಾಂಕ್ಸ್. ರಸೀದಿ ಕೊಡುವ ಕಳ್ಳರು ಪಕ್ಕಾ ಪಟ್ಟಿಯಲ್ಲಿದ್ದಾರೆ. ಹಳೆಪುಸ್ತಕ ಅವರೇ, ಒಂದು ಅನುಮಾನ. ಫ್ಯಾಂಟಸಿ ಆದರೆ ಮಂತ್ರ ಅಂದುಕೊಂಡು ಒಪ್ಪಿಬಿಡಬಹುದು. ಸೈನ್ಸ್ ಫಿಕ್ಷನ್‌ನಲ್ಲಿ ವಿಜ್ಞಾನ ತಿಳಿಯದಿದ್ದರೆ ಅರ್ಧ ಕಥೆ ತಪ್ಪಿಹೋಗುವುದಿಲ್ವಾ?

ಹಳೆಪುಸ್ತಕ:

ಇಲ್ಲ. ‘ದಿ ಮಾರ್ಷಿಯನ್’ ಉದಾಹರಣೆ ತೆಗೆದುಕೊಳ್ಳಿ. ಆ್ಯಂಡಿ ವಿಯರ್ ಅದನ್ನು ಮೊದಲು ತಮ್ಮ ವೆಬ್‌ಸೈಟ್‌ನಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಿದ್ದರು. ಮಂಗಳ ಗ್ರಹದಲ್ಲಿ ಒಬ್ಬನೇ ಸಿಕ್ಕಿಕೊಂಡವನು ಆಲೂಗಡ್ಡೆ ಬೆಳೆಯುತ್ತಾನೆ. ನೀರು ಎಷ್ಟು, ಮಣ್ಣು ಎಷ್ಟು, ಕ್ಯಾಲೊರಿ ಎಷ್ಟು, ಪುಟಗಟ್ಟಲೆ ಲೆಕ್ಕ. ನಾನು ಒಂದನ್ನೂ ತಾಳೆ ನೋಡಿಲ್ಲ. ಲೆಕ್ಕ ಅವನು ಮಾಡಿಕೊಳ್ಳುತ್ತಾನೆ, ಉಳಿಯುತ್ತಾನಾ ಇಲ್ವಾ ಅನ್ನುವ ಆತಂಕ ಮಾತ್ರ ನಮ್ಮದು.

ಇನ್ನು ಮಂತ್ರ, ವಿಜ್ಞಾನ ಅಂತ ನೀವು ಎಳೆದ ಗೆರೆ ಇದೆಯಲ್ಲ, ಅದನ್ನು ಅಳಿಸಿಹಾಕುವ ಒಂದು ಕಥೆ ಇದೆ. ಟೆಡ್ ಚಿಯಾಂಗ್ ಅವರ ‘ಟವರ್ ಆಫ್ ಬ್ಯಾಬಿಲಾನ್’, 1990. ಸಣ್ಣ ಕಥೆ, ಒಂದೇ ಕೂತಲ್ಲಿ ಮುಗಿಯುತ್ತದೆ. ಆಕಾಶ ಮುಟ್ಟುವ ಗೋಪುರ ಕಟ್ಟಿದ್ದಾರೆ. ಬರಿಗೈಯಲ್ಲಿ ಹತ್ತಿದರೆ ಒಂದೂವರೆ ತಿಂಗಳು, ಇಟ್ಟಿಗೆಯ ಬಂಡಿ ಎಳೆದುಕೊಂಡು ಹೋದರೆ ನಾಲ್ಕು ತಿಂಗಳು. ದಾರಿ ಅಷ್ಟು ಉದ್ದ ಅಂದ ಮೇಲೆ ಗೋಪುರದ ಮೇಲೆಯೇ ಸಂಸಾರಗಳಿವೆ, ಅಲ್ಲೇ ತರಕಾರಿ ಬೆಳೆಯುತ್ತಾರೆ. ನೆಲ ಮುಟ್ಟದೇ ಇರುವವರೂ ಇದ್ದಾರೆ. ಹತ್ತುತ್ತಾ ಹತ್ತುತ್ತಾ ಚಂದ್ರನ ಮಟ್ಟ ದಾಟಿ ಹೋಗುತ್ತದೆ, ಸೂರ್ಯನ ಮಟ್ಟ ದಾಟಿ ಹೋಗುತ್ತದೆ. ತುದಿಯಲ್ಲಿ ಆಕಾಶ ಗಟ್ಟಿ ಕಲ್ಲು! ಅದನ್ನು ಕೊರೆಯೋಕೆ ಗಣಿ ಕೆಲಸದವರನ್ನು ಕರೆಸಿದ್ದಾರೆ. ಅವರಲ್ಲೊಬ್ಬ ನಮ್ಮ ನಾಯಕ. ಈ ಲೋಕದ ವಿಜ್ಞಾನವೆಲ್ಲ ಪೂರ್ತಿ ಸುಳ್ಳು. ಆದರೆ ಆ ಸುಳ್ಳಿನೊಳಗೆ ಒಂದು ಇಟ್ಟಿಗೆಯೂ ಲೆಕ್ಕ ತಪ್ಪಿ ಕೂತಿಲ್ಲ. ಮೇಲಿರುವ ಕಲ್ಲು ಒಡೆದರೆ ಏನು ಸುರಿಯಬಹುದು ಅಂತ ಅವರು ಮಾಡಿಕೊಳ್ಳುವ ಮುಂಜಾಗ್ರತೆ ಓದಿ, ಗೊತ್ತಾಗುತ್ತದೆ. ಇದು ಫ್ಯಾಂಟಸಿನಾ, ಸೈನ್ಸ್ ಫಿಕ್ಷನ್ನಾ? ನೀವೇ ಹೇಳಿ.

ಐತಿಹಾಸಿಕ ಅಂದಿರಲ್ಲ, ಮರೆತಿದ್ದೆ. ಆಕ್ಟೇವಿಯಾ ಬಟ್ಲರ್, ‘ಕಿಂಡ್ರೆಡ್’, 1979. 1976ರ ಅಮೆರಿಕದ ಕಪ್ಪು ಮಹಿಳೆಯೊಬ್ಬಳು ಮತ್ತೆ ಮತ್ತೆ ಗುಲಾಮಗಿರಿಯ ಕಾಲಕ್ಕೆ ಎಳೆದೊಯ್ಯಲ್ಪಡುತ್ತಾಳೆ. ಯಂತ್ರ ಇಲ್ಲ, ವಿವರಣೆ ಇಲ್ಲ. ಮಲಗುವ ಮುಂಚೆ ಓದುವ ಪುಸ್ತಕ ಅಲ್ಲ ಅದು.

ಮರಳುಹುಳ:

‘ಡ್ಯೂನ್’ ಪರವಾಗಿ ಒಂದು ಮಾತು. ಅದು ನಿಮಗೆ ಹಿಡಿಸದ್ದು ಬರೀ ಪದಗಳಿಂದ ಅಲ್ಲ ಅಂತ ನನ್ನ ಅನುಮಾನ. ದ್ರೋಹಿ ಯಾರು ಅಂತ ಫ್ರ್ಯಾಂಕ್ ಹರ್ಬರ್ಟ್ ಶುರುವಿನಲ್ಲೇ ಹೇಳಿಬಿಡುತ್ತಾರೆ. ನಮಗೆ ಗೊತ್ತು, ಆ ಮನೆಯವರಿಗೆ ಗೊತ್ತಿಲ್ಲ. ಅಲ್ಲಿರುವ ಕುತೂಹಲ ‘ಯಾರು’ ಅನ್ನುವುದಲ್ಲ, ‘ಗೊತ್ತಿದ್ದೂ ತಪ್ಪಿಸೋಕೆ ಆಗಲ್ವಲ್ಲ’ ಅನ್ನುವ ಸಂಕಟ. ಕೊನೆಯ ಪುಟಕ್ಕೆ ಓಡುವವರಿಗೆ ಅದು ಸಪ್ಪೆ ಅನ್ನಿಸಬಹುದು. ಮಾರಬೇಡಿ, ಕಪಾಟಲ್ಲಿ ಇರಲಿ. 1965ರ ಮೊದಲ ಪುಸ್ತಕ ಒಂದೇ ಓದಿದರೂ ಸಾಕು, ಮುಂದಿನವು ಇಷ್ಟ ಇದ್ದರೆ ಮಾತ್ರ.

ಹಳೆಪುಸ್ತಕ:

ಇದು ನನಗೆ ಹೊಳೆದಿರಲಿಲ್ಲ. ಸರಿಯಾಗಿ ಹೇಳಿದಿರಿ.

ಕೊನೆಪುಟ:

‘ಕೇವ್ಸ್ ಆಫ್ ಸ್ಟೀಲ್’ ಶುರುವಾಗಿದೆ. ಚಪ್ಪಲಿ ಅಂಗಡಿಯ ಗಲಾಟೆ ತನಕ ಬಂದೆ. ಡ್ಯಾನೀಲ್ ಗುಂಪಿನ ಮೇಲೆ ಆಯುಧ ಹಿಡಿದು, ಮುಂದೆ ಬಂದರೆ ಹೊಡೆಯುತ್ತೇನೆ ಅಂತಾನೆ! ಮೊದಲ ನಿಯಮ ಎಲ್ಲಿ ಹೋಯಿತು? ನನಗಂತೂ ಅವನ ಮೇಲೇ ಅನುಮಾನ. ಯಾರೂ ಏನೂ ಹೇಳಬೇಡಿ.

ಹಳೆಪುಸ್ತಕ:

ಹೇಳಲ್ಲ. ಬೇಲಿಗೂ ತಲೆ ಕೆಡುತ್ತದೆ, ನೋಡುತ್ತಾ ಇರಿ. ಮುಗಿದ ಮೇಲೆ ಇದೇ ಜೋಡಿಯ ‘ದಿ ನೇಕೆಡ್ ಸನ್’ ಇದೆ, 1957. ಅದರಲ್ಲಿ ಬರುವ ಗ್ರಹದ ಜನಕ್ಕೆ ಇನ್ನೊಬ್ಬರ ಜೊತೆ ಒಂದೇ ಕೋಣೆಯಲ್ಲಿ ಇರುವುದೆಂದರೇ ಅಸಹ್ಯ, ಮಾತುಕತೆಯೆಲ್ಲ ಪರದೆ ಮೇಲೆಯೇ. ಅಂಥ ಕಡೆ ಯಾರೋ ಹತ್ತಿರ ಹೋಗಿ ತಲೆಗೆ ಹೊಡೆದು ಕೊಂದಿದ್ದಾರೆ.