ಕೋವಿಡ್ ಸಾಂಕ್ರಾಮಿಕದ ದಿನಗಳಲ್ಲಿ ಹೆಚ್ಚುವರಿ ಆದಾಯ: ಒಂದು ಪ್ರಶ್ನೆ, ಹಲವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಂಕ್ರಾಮಿಕ ಆರಂಭವಾದ ಮೇಲೆ ನನ್ನ ಸಂಬಳ ಅರ್ಧಕ್ಕೆ ಇಳಿದಿದೆ. ಕೆಲಸ ಹೋಗಿಲ್ಲ ಎಂಬುದೇ ಸಮಾಧಾನ, ಆದರೆ ಬರುವ ಹಣದಲ್ಲಿ ತಿಂಗಳು ದೂಡುವುದು ಕಷ್ಟವಾಗಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇರುವುದರಿಂದ ಹೊರಗೆ ಹತ್ತಾರು ಜನರೊಡನೆ ಬೆರೆಯಬೇಕಾದ ಕೆಲಸ ಹಿಡಿಯಲು ಧೈರ್ಯ ಸಾಲದು. ಹಳೆಯ ಕಂಪ್ಯೂಟರ್ ಒಂದಿದೆ, ಸ್ಮಾರ್ಟ್‌ಫೋನ್ ಇದೆ, ರಾತ್ರಿ ಎರಡು ಗಂಟೆ ಬಿಡುವು ಸಿಗುತ್ತದೆ. ಲೆಕ್ಕಪತ್ರ ವಿಭಾಗದಲ್ಲಿ ಅನುಭವವಿದೆ. ಎರಡು ಭಾಷೆಗಳಲ್ಲಿ ತಪ್ಪಿಲ್ಲದೆ ಬರೆಯಬಲ್ಲೆ. ‘ಮನೆಯಲ್ಲೇ ಕುಳಿತು ಸಂಪಾದಿಸಿ’ ಎಂಬ ಜಾಹೀರಾತುಗಳು ದಿನವೂ ಬರುತ್ತಿವೆ, ಯಾವುದನ್ನು ನಂಬಬೇಕೆಂದು ತಿಳಿಯುತ್ತಿಲ್ಲ. ಈ ಅವಧಿಯಲ್ಲಿ ನಿಜವಾಗಿ ನಾಲ್ಕು ಕಾಸು ಸಂಪಾದಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಭಾಷಾಂತರ ಮಾಡುವವರೊಬ್ಬರ ಉತ್ತರ

ಮೊದಲಿಗೆ ಒಂದು ಮಾತು: ಇದು ನಿಮ್ಮೊಬ್ಬರ ಕಷ್ಟವಲ್ಲ. 2020ರಲ್ಲಿ ಜಗತ್ತಿನಾದ್ಯಂತ ನಷ್ಟವಾದ ದುಡಿಮೆಯ ಗಂಟೆಗಳು ಶೇ 8.8ರಷ್ಟು, ಅಂದರೆ 25.5 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜಿಸಿದೆ. ಅಷ್ಟು ಮಂದಿ ಏಕಕಾಲಕ್ಕೆ ಬದಲಿ ದಾರಿ ಹುಡುಕುತ್ತಿರುವಾಗ, ಯಾರು ಬೇಕಾದರೂ ಮಾಡಬಹುದಾದ ಕೆಲಸಕ್ಕೆ ಬೆಲೆ ಕುಸಿಯುತ್ತದೆ. ಆದ್ದರಿಂದ ನಿಮಗೆ ಈಗಾಗಲೇ ಚೆನ್ನಾಗಿ ಬರುವ ಕೆಲಸದಿಂದಲೇ ಆರಂಭಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಭಾಷೆ ಬಲ್ಲವರಿಗೆ ಮೂರು ಬಗೆಯ ಕೆಲಸಗಳಿವೆ: ಪಠ್ಯದ ಅನುವಾದ, ವಿಡಿಯೊಗಳಿಗೆ ಸಬ್‌ಟೈಟಲ್ ಬರೆಯುವುದು, ಧ್ವನಿಮುದ್ರಣವನ್ನು ಕೇಳಿ ಅಕ್ಷರಕ್ಕೆ ಇಳಿಸುವುದು. ಸಭೆ, ಪಾಠ, ಉಪನ್ಯಾಸಗಳೆಲ್ಲ ಆನ್‌ಲೈನ್‌ಗೆ ಬಂದಿರುವುದರಿಂದ ಕೊನೆಯ ಎರಡಕ್ಕೆ ಬೇಡಿಕೆಯಿದೆ. ಆದರೆ ದರ ಒಪ್ಪುವ ಮುನ್ನ ಲೆಕ್ಕ ಹಾಕಲೇಬೇಕು. ಸ್ಪಷ್ಟವಾಗಿ ಕೇಳಿಸುವ ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಪಳಗಿದವರಿಗೂ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಹೊಸಬರಿಗೆ, ಅಥವಾ ನಾಲ್ಕೈದು ಜನ ಒಟ್ಟಿಗೆ ಮಾತನಾಡಿರುವ ಸಭೆಗೆ, ಇನ್ನೂ ಹೆಚ್ಚು. ಹಣ ಕೊಡುವವರು ಲೆಕ್ಕ ಹಾಕುವುದು ಧ್ವನಿಯ ನಿಮಿಷಕ್ಕೆ, ನಮ್ಮ ದುಡಿಮೆಯ ನಿಮಿಷಕ್ಕಲ್ಲ. ಹೀಗಾಗಿ ಐದು ನಿಮಿಷದ ಮಾದರಿಯನ್ನು ಮೊದಲು ತರಿಸಿಕೊಂಡು, ಗಡಿಯಾರ ನೋಡಿಕೊಂಡು ಮುಗಿಸಿ, ಆ ಮೇಲೆ ದರ ಹೇಳುವುದು ನನ್ನ ಪದ್ಧತಿ.

ಕೆಲಸ ಒದಗಿಸುವ ಜಾಲತಾಣಗಳಲ್ಲಿ ಹೆಸರು ನೋಂದಾಯಿಸಬಹುದು, ತೊಂದರೆಯೇನಿಲ್ಲ. ಆದರೆ ಫೈವರ್‌ನಂಥ ತಾಣವು ನಿಮ್ಮ ಗಳಿಕೆಯಲ್ಲಿ ಶೇ 20ರಷ್ಟನ್ನು ತನ್ನ ಪಾಲಾಗಿ ಇಟ್ಟುಕೊಳ್ಳುತ್ತದೆ. ಮೇಲಾಗಿ ಹೊಸಬರಿಗೆ ಮೊದಲ ಕೆಲಸ ಸಿಗುವುದೇ ನಿಧಾನ, ಏಕೆಂದರೆ ಗ್ರಾಹಕರು ಹಿಂದಿನ ವಿಮರ್ಶೆಗಳನ್ನು ನೋಡಿ ಆಯ್ದುಕೊಳ್ಳುತ್ತಾರೆ. ನನಗೆ ಮೊದಲ ಕೆಲಸ ಬಂದದ್ದು ಹಿಂದೆ ಜೊತೆಗೆ ದುಡಿದವರಿಂದ. ಅವರಿಗೆಲ್ಲ ಒಂದು ಚಿಕ್ಕ ಪತ್ರ ಬರೆದು, ಏನು ಮಾಡಬಲ್ಲೆ, ಎಷ್ಟು ದಿನದಲ್ಲಿ ಮುಗಿಸಬಲ್ಲೆ ಎಂದು ತಿಳಿಸಿದ್ದೆ. ಸಂಕೋಚದಿಂದ ಹೆಚ್ಚಿನವರು ಈ ಹೆಜ್ಜೆ ಇಡುವುದಿಲ್ಲ, ನೀವು ಇಡಿ. ದೊಡ್ಡ ಕೆಲಸವಾದರೆ ಮುಂಗಡ ಕೇಳುವುದರಲ್ಲಿ ತಪ್ಪಿಲ್ಲ. ಕೆಲಸದ ವ್ಯಾಪ್ತಿ, ಗಡುವು, ಹಣ ಬರುವ ದಿನ, ಎಷ್ಟು ಸಲ ತಿದ್ದಿಕೊಡಬೇಕು ಎಂಬುದನ್ನು ಇಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆದುಕೊಳ್ಳಿ. ಈ ಕೊನೆಯ ಅಂಶ ಬಹಳ ಮುಖ್ಯ. ಮಿತಿಯೇ ಇಲ್ಲದ ತಿದ್ದುಪಡಿಗಳು ಒಳ್ಳೆಯ ದರವನ್ನೂ ನುಂಗಿಬಿಡುತ್ತವೆ.

ಪಾಠ ಹೇಳುವವರೊಬ್ಬರ ಉತ್ತರ

ಯುನೆಸ್ಕೊ ಲೆಕ್ಕದಂತೆ ಶಾಲೆಗಳ ಮುಚ್ಚುಗಡೆ ತೀವ್ರವಾಗಿದ್ದಾಗ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗುಳಿದಿದ್ದರು. ಮಕ್ಕಳ ಕಲಿಕೆಯಲ್ಲಿ ಬಿದ್ದಿರುವ ಕಂದರ ಬೇಗ ಮುಚ್ಚುವಂಥದ್ದಲ್ಲ. ಆದ್ದರಿಂದ ಆನ್‌ಲೈನ್ ಪಾಠಕ್ಕೆ ಬೇಡಿಕೆ ನಿಜವಾಗಿ ಇದೆ, ಮತ್ತು ಅದು ದುಡಿಮೆಯಷ್ಟೇ ಸೇವೆಯೂ ಹೌದೆಂದು ನಾನು ಮನಸಾರೆ ನಂಬುತ್ತೇನೆ.

ನಿಮಗೆ ಲೆಕ್ಕಪತ್ರ ಬರುವುದರಿಂದ ವಾಣಿಜ್ಯ ವಿಷಯ ಓದುವವರಿಗೆ ಹೇಳಿಕೊಡಬಹುದು. ಆದರೆ ಕೆಳಗಿನ ತರಗತಿಯ ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸುವವರನ್ನು ಪೋಷಕರು ಇನ್ನೂ ಹೆಚ್ಚಾಗಿ ಹುಡುಕುತ್ತಿದ್ದಾರೆ, ಏಕೆಂದರೆ ಪರದೆಯ ಮುಂದೆ ನಲವತ್ತು ಮಕ್ಕಳ ನಡುವೆ ಕುಳಿತ ಚಿಕ್ಕ ಮಗುವಿಗೆ ಏನೂ ತಲೆಗೆ ಹತ್ತುವುದಿಲ್ಲವೆಂಬುದು ಅವರ ಕಣ್ಣೆದುರೇ ಕಾಣುತ್ತಿದೆ. ಒಂದು ಗುಂಪಿನಲ್ಲಿ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಬೇಡ. ಝೂಮ್‌ನ ಉಚಿತ ಖಾತೆಯಲ್ಲಿ ಗುಂಪು ಕರೆಗೆ 40 ನಿಮಿಷದ ಮಿತಿಯಿದೆ; ಚಿಕ್ಕ ಮಕ್ಕಳ ಗಮನ ನಿಲ್ಲುವುದೂ ಅಷ್ಟು ಹೊತ್ತೇ ಆದ್ದರಿಂದ ಹಣ ಕೊಟ್ಟು ಖಾತೆ ಕೊಳ್ಳುವ ಅಗತ್ಯ ನನಗೆ ಕಂಡುಬರಲಿಲ್ಲ. ಕಪ್ಪುಹಲಗೆಯೂ ಬೇಡ. ಪುಸ್ತಕಗಳ ಎರಡು ಅಟ್ಟಿಯ ನಡುವೆ ಫೋನನ್ನು ಅಡ್ಡಲಾಗಿಟ್ಟು, ಕ್ಯಾಮೆರಾ ಕೆಳಗಿನ ನೋಟ್‌ಪುಸ್ತಕವನ್ನು ನೋಡುವಂತೆ ಮಾಡಿದರೆ ನೀವು ಬರೆಯುವುದೆಲ್ಲ ಮಕ್ಕಳಿಗೆ ಕಾಣುತ್ತದೆ. ಇಂಟರ್ನೆಟ್ ಸರಿಯಿಲ್ಲದ ಮನೆಯ ಮಕ್ಕಳಿಗೆ ಪಾಠದ ಧ್ವನಿಯನ್ನೂ ಪುಟದ ಚಿತ್ರವನ್ನೂ ಕಳುಹಿಸಿ, ಅವರು ಬರೆದದ್ದನ್ನು ಫೋಟೊದಲ್ಲಿ ತರಿಸಿಕೊಂಡು ತಿದ್ದಬಹುದು.

ಎರಡು ಸಂಗತಿಗಳಲ್ಲಿ ನಾನು ಕಟ್ಟುನಿಟ್ಟು. ಚಿಕ್ಕ ಮಕ್ಕಳ ಪಾಠ ನಡೆಯುವಾಗ ಮನೆಯ ಹಿರಿಯರೊಬ್ಬರು ಅದೇ ಕೋಣೆಯಲ್ಲಿರಬೇಕು. ಶುಲ್ಕವನ್ನು ತಿಂಗಳ ಆರಂಭದಲ್ಲೇ ಪಡೆಯಬೇಕು, ಆದರೆ ಕೆಲಸ ಕಳೆದುಕೊಂಡ ಮನೆಯವರ ಮಗುವನ್ನು ಶುಲ್ಕದ ಕಾರಣಕ್ಕೆ ಪಾಠದಿಂದ ಹೊರಗೆ ಕಳುಹಿಸಬಾರದು.

ಇನ್ನೊಂದು ದಾರಿಯನ್ನೂ ಯೋಚಿಸಿ. ವಿಡಿಯೊ ಕರೆ ಮಾಡುವುದು, ಬಿಲ್ ಕಟ್ಟುವುದು, ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವುದು, ಇವನ್ನು ತಾಳ್ಮೆಯಿಂದ ಹೇಳಿಕೊಡುವವರು ವಯಸ್ಸಾದವರಿಗೆ ಬೇಕಾಗಿದ್ದಾರೆ. ದೂರದಲ್ಲಿರುವ ಅವರ ಮಕ್ಕಳು ಇದಕ್ಕೆ ಸಂತೋಷದಿಂದ ಹಣ ಕೊಡುತ್ತಾರೆ. ಅವರ ಪಾಸ್‌ವರ್ಡ್ ಅಥವಾ ಪಿನ್ ಸಂಖ್ಯೆಯನ್ನು ಮಾತ್ರ ಕೇಳಬೇಡಿ, ಅವರಾಗಿ ಹೇಳಲು ಬಂದರೂ ತಡೆಯಿರಿ.

ಹೊಲಿಗೆ ಮಾಡುವವರೊಬ್ಬರ ಉತ್ತರ

ಪ್ರಶ್ನೆ ಕೇಳಿದವರಿಗೆ ಹೊಲಿಗೆ ಬರುತ್ತದೆಯೋ ಇಲ್ಲವೋ ತಿಳಿಯದು. ಓದುವ ಇತರರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಎಟ್ಸಿ ಎಂಬ ಕೈಕೆಲಸದ ಮಾರಾಟ ತಾಣದ ಮೂಲಕ 1.2 ಕೋಟಿ ಬಟ್ಟೆಯ ಮಾಸ್ಕ್‌ಗಳು ಮಾರಾಟವಾದವು. ಆಗ ಯಂತ್ರ ಇದ್ದವರಿಗೆಲ್ಲ ಕೆಲಸವಿತ್ತು. ಆ ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಬಟ್ಟೆಯ ಮಾಸ್ಕ್‌ಗೆ ಮೂರು ಪದರ ಇರಬೇಕೆಂದು ಹೇಳಿತು: ಒಳಗೆ ಹತ್ತಿಯಂಥ ತೇವ ಹೀರುವ ಬಟ್ಟೆ, ನಡುವೆ ನೇಯ್ಗೆಯಿಲ್ಲದ ಪಾಲಿಪ್ರೊಪಿಲೀನ್, ಹೊರಗೆ ನೀರು ಇಳಿಯದ ಪಾಲಿಯೆಸ್ಟರ್ ಮಿಶ್ರಣ. ಇದನ್ನು ತಿಳಿದು ಹೊಲಿದವರ ಮಾಸ್ಕ್‌ಗಳನ್ನು ಜನ ಮತ್ತೆ ಮತ್ತೆ ಕೇಳಿ ಪಡೆದರು.

ಈಗ ಕಾರ್ಖಾನೆಗಳ ಸರಕು ಎಲ್ಲೆಡೆ ತುಂಬಿರುವುದರಿಂದ ಹೊಸದಾಗಿ ಮಾಸ್ಕ್ ಹೊಲಿಯಲು ಇಳಿಯಬೇಡಿ. ಆದರೆ ಹಳೆಯ ಬಟ್ಟೆಯನ್ನು ಸರಿಪಡಿಸುವ ಕೆಲಸ ನಿಂತಿಲ್ಲ. ಮನೆಯಲ್ಲೇ ಇದ್ದು ಮೈ ಬಂದವರ ಬಟ್ಟೆಯ ಸೊಂಟ ಸಡಿಲಿಸುವುದು, ಜಿಪ್ ಬದಲಿಸುವುದು, ದೊಡ್ಡ ಮಗುವಿನ ಉಡುಪನ್ನು ಚಿಕ್ಕದಕ್ಕೆ ಹೊಂದಿಸುವುದು, ಇವೆಲ್ಲ ಕಡಿಮೆ ಬಂಡವಾಳದ ಕೆಲಸಗಳು. ಅಳತೆ ತೆಗೆಯಲು ಎದುರಿಗೆ ನಿಲ್ಲಬೇಕಾಗಿಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯ ಉಡುಪೊಂದನ್ನು ಜೊತೆಗೆ ಕಳುಹಿಸುವಂತೆ ಹೇಳಿ, ಬಾಗಿಲ ಬಳಿಯ ಚೀಲದಲ್ಲಿ ಇಟ್ಟು ಹೋಗಲಿ, ಹಣ ಫೋನ್ ಮೂಲಕ ಬರಲಿ. ಹೊಸ ಹತ್ತಿ ಬಟ್ಟೆಯಾದರೆ ನೀರಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಿ, ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಕುಗ್ಗಿ ದೂರು ಬರುತ್ತದೆ.

ಮನೆಯ ವಸ್ತುಗಳನ್ನು ಮಾರಿದವರೊಬ್ಬರ ಉತ್ತರ

ಎಲ್ಲಕ್ಕಿಂತ ಬೇಗ ಹಣ ಬರುವುದು ಬಳಸದೆ ಬಿದ್ದಿರುವ ವಸ್ತುಗಳಿಂದ. ಇದು ಪ್ರತಿ ತಿಂಗಳ ಆದಾಯವಾಗಲಾರದು, ಆದರೆ ಮೇಲಿನವರು ಹೇಳಿದ ಕೆಲಸಗಳು ಕೈಹಿಡಿಯುವವರೆಗೆ ಉಸಿರಾಡಲು ಅವಕಾಶ ಕೊಡುತ್ತದೆ. ಮನೆಯಿಂದ ದುಡಿಯುವವರು ಹೆಚ್ಚಿರುವುದರಿಂದ ಮೇಜು, ಕುರ್ಚಿ, ಹಳೆಯ ಟ್ಯಾಬ್ಲೆಟ್‌ಗಳಿಗೆ ಗಿರಾಕಿಗಳಿದ್ದಾರೆ. ಹಗಲ ಬೆಳಕಿನಲ್ಲಿ ಫೋಟೊ ತೆಗೆದು, ದೋಷವಿದ್ದರೆ ಅದನ್ನೂ ಹತ್ತಿರದಿಂದ ತೋರಿಸಿ. ಹಣ ಬಂದಿದೆಯೇ ಎಂಬುದನ್ನು ನಿಮ್ಮ ಖಾತೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ, ಕೊಳ್ಳುವವರು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ. ಹಣ ಪಡೆಯುವುದಕ್ಕೆ ನೀವು ಪಿನ್ ಒತ್ತಬೇಕೆಂದು ಯಾರಾದರೂ ಹೇಳಿದರೆ ಅದು ಮೋಸ.

ಬ್ಯಾಂಕಿನಲ್ಲಿ ದುಡಿದವರೊಬ್ಬರ ಉತ್ತರ

ಮೇಲಿನ ಉತ್ತರದ ಕೊನೆಯ ಮಾತನ್ನು ಮುಂದುವರಿಸುತ್ತೇನೆ, ಏಕೆಂದರೆ ಕಷ್ಟದಲ್ಲಿರುವವರನ್ನೇ ಹುಡುಕಿ ಸುಲಿಯುವವರು ಈ ಕಾಲದಲ್ಲಿ ಹೆಚ್ಚಿದ್ದಾರೆ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಮರಳಿ ಕೊಡುವ ಠೇವಣಿ ಎಂದು ಯಾವ ಹೆಸರಿನಲ್ಲೇ ಆಗಲಿ, ಕೆಲಸ ಕೊಡಲು ನಿಮ್ಮಿಂದ ಹಣ ಕೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಡೇಟಾ ಎಂಟ್ರಿಯ ಹೆಸರಿನಲ್ಲಿ ಇನ್ನೊಂದು ಬಗೆಯ ಬಲೆಯಿದೆ. ಮೊದಲು ಕರಾರುಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಯಾರಿಂದಲೂ ಮುಗಿಸಲಾಗದಷ್ಟು ಪುಟಗಳನ್ನು ಕೊಟ್ಟು, ತಪ್ಪುಗಳಿವೆ ಎಂದು ಹೇಳಿ, ಕರಾರು ಮುರಿದದ್ದಕ್ಕೆ ದಂಡ ಕಟ್ಟದಿದ್ದರೆ ನ್ಯಾಯಾಲಯಕ್ಕೆ ಎಳೆಯುತ್ತೇವೆಂದು ಹೆದರಿಸುತ್ತಾರೆ. ಅಂಥ ನೋಟಿಸ್ ಬಂದರೆ ಹೆದರಿ ಹಣ ಕಳುಹಿಸದೆ, ತಿಳಿದ ವಕೀಲರನ್ನೋ ಪೊಲೀಸರನ್ನೋ ಕಾಣಿ.

ಚೆಕ್ಕಿನ ಮೋಸವನ್ನೂ ತಿಳಿದಿರಬೇಕು. ‘ತಪ್ಪಾಗಿ ಹೆಚ್ಚು ಮೊತ್ತದ ಚೆಕ್ ಕಳುಹಿಸಿದ್ದೇವೆ, ಉಳಿದದ್ದನ್ನು ಮರಳಿಸಿ’ ಎನ್ನುತ್ತಾರೆ. ಕೆಲವು ಕಡೆ ಚೆಕ್ ಪೂರ್ತಿ ತೀರುವಳಿಯಾಗುವ ಮೊದಲೇ ಖಾತೆಯಲ್ಲಿ ಹಣ ಬಂದಂತೆ ಕಾಣುತ್ತದೆ. ನೀವು ಮರಳಿಸಿದ ಬಳಿಕ ಚೆಕ್ ಖೋಟಾ ಎಂದು ತಿಳಿದು ಪೂರ್ತಿ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು, ನಿಮ್ಮ ಖಾತೆಗೆ ಬಂದ ಹಣವನ್ನು ಕಮಿಷನ್ ಇಟ್ಟುಕೊಂಡು ಬೇರೆ ಖಾತೆಗೆ ದಾಟಿಸುವ ‘ಪಾವತಿ ಪ್ರತಿನಿಧಿ’ಯ ಕೆಲಸ. ಅದು ಬಹುತೇಕ ಕದ್ದ ಹಣವಾಗಿರುತ್ತದೆ. ತನಿಖೆ ಮೊದಲು ಬಂದು ನಿಲ್ಲುವುದು ಖಾತೆದಾರರ ಬಾಗಿಲಿಗೆ. ಅಪರಿಚಿತರ ಪಾರ್ಸೆಲ್‌ಗಳನ್ನು ಮನೆಗೆ ತರಿಸಿ ಬೇರೆ ವಿಳಾಸಕ್ಕೆ ಕಳುಹಿಸುವ ಕೆಲಸವೂ ಇದೇ ಜಾತಿಯದು.

ಒಳ್ಳೆಯ ಸುದ್ದಿಯೂ ಇದೆ. ನಿಮಗೆ ಲೆಕ್ಕಪತ್ರ ಬರುತ್ತದೆ ಎಂದಿರಿ. ಚಿಕ್ಕ ವ್ಯಾಪಾರಿಗಳು ಈಗ ಫೋನಿನಲ್ಲೇ ಮಾರಾಟ ನಡೆಸುತ್ತಿದ್ದಾರೆ, ಆದರೆ ಬಿಲ್ಲು, ಬಾಕಿ, ತೆರಿಗೆಯ ಕಾಗದಪತ್ರ ನೋಡಿಕೊಳ್ಳಲು ಅವರಿಗೆ ಪೂರ್ಣಾವಧಿಯ ಗುಮಾಸ್ತರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ. ಇಬ್ಬರು ಮೂವರು ವ್ಯಾಪಾರಿಗಳ ಲೆಕ್ಕವನ್ನು ವಾರಕ್ಕೊಮ್ಮೆ ಬರೆದುಕೊಡುವ ಕೆಲಸ ನಿಮ್ಮ ರಾತ್ರಿಯ ಎರಡು ಗಂಟೆಗೆ ಸರಿಹೊಂದುತ್ತದೆ, ಮತ್ತು ಪ್ರತಿ ತಿಂಗಳೂ ಬರುತ್ತದೆ. ನನ್ನ ದೃಷ್ಟಿಯಲ್ಲಿ ನಿಮಗೆ ಇದೇ ಮೊದಲ ಆಯ್ಕೆಯಾಗಬೇಕು.

ವಿಡಿಯೊ ಮಾಡುವವರೊಬ್ಬರ ಉತ್ತರ

ಯೂಟ್ಯೂಬ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕೆಂಬುದು 2018ರಲ್ಲಿ ಜಾರಿಗೆ ಬಂದ ನಿಯಮ. ಈ ತಿಂಗಳ ಖರ್ಚಿಗೆ ಹಣ ಬೇಕಾದವರಿಗೆ ಇದು ದಾರಿಯಲ್ಲ. ಕೆಲವೇ ಸೆಕೆಂಡುಗಳ ಬಿಡಿ ಕೆಲಸ ಕೊಡುವ ತಾಣಗಳೂ ಅಷ್ಟೆ: ಅಮೆಜಾನ್ ಮೆಕ್ಯಾನಿಕಲ್ ಟರ್ಕ್ ಕುರಿತ 2018ರ ಅಧ್ಯಯನವೊಂದರಲ್ಲಿ ದುಡಿಯುವವರ ಮಧ್ಯಮ ಗಳಿಕೆ ಗಂಟೆಗೆ ಸುಮಾರು 2 ಡಾಲರ್ ಮಾತ್ರ ಎಂದು ಕಂಡುಬಂತು. ಕೆಲಸ ಹುಡುಕಲು ಕಳೆದ ಸಮಯಕ್ಕೂ ತಿರಸ್ಕೃತವಾದ ಕೆಲಸಕ್ಕೂ ಅಲ್ಲಿ ಕೂಲಿಯಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪರಿಚಯದ ಇಬ್ಬರು ವ್ಯಾಪಾರಿಗಳಿಗೆ ಇಂದೇ ಬರೆಯುತ್ತೇನೆ; ವಾರಾಂತ್ಯದಲ್ಲಿ ಪಾಠದ ಒಂದು ಗುಂಪು ಆರಂಭಿಸುವ ಯೋಚನೆಯೂ ಇದೆ. ಈಗಿನ ಕಚೇರಿಗೆ ತಿಳಿಸಬೇಕೇ ಎಂಬುದೊಂದು ಅನುಮಾನ ಉಳಿದಿದೆ.

ಬ್ಯಾಂಕಿನಲ್ಲಿ ದುಡಿದವರು ಮತ್ತೆ

ತಿಳಿಸುವುದು ಕ್ಷೇಮ. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು, ಬೇರೆ ಕೆಲಸ ಮಾಡಬಾರದೆಂಬ ಷರತ್ತು ಇದೆಯೇ ನೋಡಿ. ಇದ್ದರೆ, ಸಂಬಳ ಅರ್ಧವಾಗಿರುವ ಅವಧಿಗೆ ಮಾತ್ರ ಅನುಮತಿ ಬೇಕೆಂದು, ಕಚೇರಿಯ ಸಮಯವನ್ನಾಗಲಿ ಸಲಕರಣೆಯನ್ನಾಗಲಿ ಬಳಸುವುದಿಲ್ಲವೆಂದು, ಕಚೇರಿಯ ಗ್ರಾಹಕರ ಕೆಲಸ ಹಿಡಿಯುವುದಿಲ್ಲವೆಂದು ಬರೆದು ಕೇಳಿ. ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಮೊದಲ ದಿನದಿಂದಲೇ ಈ ಗಳಿಕೆಗೆಂದು ಬೇರೆ ಪುಸ್ತಕ ಇಟ್ಟು, ಬಂದ ಹಣದ ಎದುರು ಇಂಟರ್ನೆಟ್, ವಿದ್ಯುತ್, ಕಾಗದದ ಖರ್ಚನ್ನೂ ಬರೆಯುತ್ತಾ ಹೋಗಿ. ತೆರಿಗೆ ಲೆಕ್ಕ ಒಪ್ಪಿಸುವಾಗ ಅದು ಬೇಕಾಗುತ್ತದೆ. ವ್ಯಾಪಾರಿಗಳಿಗೆ ಬರೆಯುವ ಪತ್ರದಲ್ಲಿ ಮೊದಲ ತಿಂಗಳ ದರವನ್ನೂ ಮುಂದಿನ ತಿಂಗಳುಗಳ ದರವನ್ನೂ ಬೇರೆ ಬೇರೆಯಾಗಿ ನಮೂದಿಸಿ, ಏಕೆಂದರೆ ಹಿಂದಿನ ಬಾಕಿ ಲೆಕ್ಕವನ್ನೆಲ್ಲ ಜೋಡಿಸುವ ಮೊದಲ ತಿಂಗಳಿಗೆ ಎರಡು ಪಟ್ಟು ಹೊತ್ತು ಬೇಕಾಗಬಹುದು.